ಕೆಂಪು ದಾರ ಕಟ್ಟಿದ ಸೀಸೆ

ನಮ್ಮ ಅಡುಗೆಮನೆಯಲ್ಲಿ ಯಾವ ಡಬ್ಬಿಯೂ ಮೈಮೇಲೆ ಬರೆದದ್ದನ್ನು ಹೊಟ್ಟೆಯೊಳಗೆ ಇಟ್ಟುಕೊಂಡದ್ದು ನನಗೆ ನೆನಪಿಲ್ಲ. ಹಾಲಿನ ಪುಡಿಯ ಡಬ್ಬಿಯಲ್ಲಿ ತೊಗರಿಬೇಳೆ, ಬಿಸ್ಕೀಟಿನ ಡಬ್ಬಿಯಲ್ಲಿ ಅರಿಶಿನ, ಚಹಾಪುಡಿಯ ಡಬ್ಬಿಯಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾದ ಹಿಂಡಿ, ಅವ್ವನ ತಂಗಿಯಾದ ಸೋಲಾಪುರದ ಮಾವಶಿ ಎಂದೋ ತಂದುಕೊಟ್ಟ ಜ್ಯಾಮಿನ ಬಾಟಲಿಯಲ್ಲಿ ಸಾಸಿವೆ. ನಿಮ್ಮ ಮನೆಯಲ್ಲಿಯೂ ಹೀಗೆಯೇ ಇದ್ದೀತು. ಇಲ್ಲವೆಂದರೆ ನಾನು ಅಷ್ಟು ಸುಲಭವಾಗಿ ನಂಬುವವಳಲ್ಲ. ಅವ್ವ ಒಲೆಯ ಮುಂದೆ ನಿಂತು, ನೋಟವನ್ನು ಬಾಣಲೆಯಲ್ಲಿಯೇ ಬಿಟ್ಟು, ಕೈಯೊಂದನ್ನು ಹಿಂದಿನ ಹಲಗೆಯ ಕಡೆಗೆ ಚಾಚಿದರೆ ಸಾಕು, ಬೇಕಾದ ಡಬ್ಬಿ ತಾನಾಗಿ ಬೆರಳಿಗೆ ಬಂದು ತಾಗುತ್ತಿತ್ತು. ಒಂದೇ ಒಂದು ಕಡೆ ಮಾತ್ರ ಅವಳಿಗೂ ಗುರುತು ಬೇಕಾಗುತ್ತಿತ್ತು. ಉಪ್ಪಿನ ಡಬ್ಬಿಗಳು ಎರಡು, ಒಂದೇ ಅಳತೆ, ಒಂದೇ ಬಣ್ಣ. ಒಂದರಲ್ಲಿ ದಿನದ ಉಪ್ಪು, ಇನ್ನೊಂದರಲ್ಲಿ ಉಪವಾಸದ ದಿನ ಸಾಬೂದಾಣಿಗೆ ಹಾಕುವ ಸೈಂಧವ ಲವಣ. ಈ ಎರಡನೆಯದರ ಕತ್ತಿಗೆ ಅವ್ವ ಕೆಂಪು ದಾರವೊಂದನ್ನು ಸುತ್ತಿ ಗಂಟು ಹಾಕಿದ್ದಳು. ಓದಲು ಬಾರದವಳಲ್ಲ ನಮ್ಮವ್ವ. ಕನ್ನಡವನ್ನೂ ಮರಾಠಿಯನ್ನೂ ಒಂದೇ ಓಟದಲ್ಲಿ ಓದುವವಳು. ಆದರೂ ಚೀಟಿ ಬರೆದು ಅಂಟಿಸುವ ವಿಚಾರ ಅವಳಿಗೆ ಎಂದೂ ಬಂದಿರಲಿಲ್ಲ. ಮನೆಯವರಿಗೆ ಗೊತ್ತಿರುವುದನ್ನು ಮನೆಯವರಿಗಾಗಿಯೇ ಬರೆದಿಡುವುದೆಂದರೆ ಅವಳ ಪಾಲಿಗೆ ಅದೊಂದು ಬಗೆಯ ಪರಕೀಯತನ.

ಈ ದಾರದ ವಿದ್ಯೆಯನ್ನು ನಾನು ಕಮಲಾಪುರದಿಂದ ಕಲಬುರಗಿಗೆ, ತಾಸು ಹೊತ್ತಿನ ಬಸ್ಸಿನಲ್ಲಿ, ನನಗೇ ಗೊತ್ತಿಲ್ಲದಂತೆ ಒಯ್ದೆ. ಅಂದಿನಿಂದ ಇಂದಿನವರೆಗೆ ನನ್ನ ಮನಸ್ಸು ಒಂದು ಸೋಮವಾರದ ಐದಾರು ಕ್ಷಣಗಳ ಸುತ್ತ, ಗಾಣದ ಸುತ್ತ ಎತ್ತು ತಿರುಗಿದಂತೆ, ತಿರುಗುತ್ತಲೇ ಇದೆ. ಅದನ್ನು ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಬಿ.ಎಸ್ಸಿ. ಸೇರಿದ ಕಾಲಕ್ಕೆ ಮೂರು ವಿಷಯಗಳ ಗುಂಪುಗಳಿದ್ದವು. ಆಮೇಲೆ ಮೇಜರ್ ಎಂದರು, ಮೈನರ್ ಎಂದರು, ಇಷ್ಟದ ವಿಷಯವೆಂದು ಒಂದನ್ನು ಹೊರಗಿನಿಂದ ತಂದು ಕೂಡಿಸಿದರು, ಈಗ ಮತ್ತೆ ಮೂರರ ಲೆಕ್ಕಕ್ಕೇ ಬಂದಿದ್ದಾರೆ. ಗುಂಪುಗಳ ಹೆಸರು ಏನೇ ಇರಲಿ, ಪ್ರವೇಶದ ಕಿಟಕಿಯ ಪಕ್ಕ ಅಂಟಿಸಿದ್ದ ಹಾಳೆಯನ್ನು ನೋಡಿದವರಿಗೆ ಒಂದು ಸಂಗತಿ ಹೊಳೆಯುತ್ತಿತ್ತು. ಭೌತಶಾಸ್ತ್ರ ಗಣಿತಗಳ ಜೊತೆಗೂ ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರಗಳ ಜೊತೆಗೂ ರಸಾಯನಶಾಸ್ತ್ರ, ಸೂಕ್ಷ್ಮಜೀವಿಗಳ ಜೊತೆಗೂ ಅದೇ. ಎಂಜಿನಿಯರಿಂಗ್ ತಪ್ಪಿದವರು ಮೊದಲನೆಯ ಗುಂಪಿಗೆ, ಡಾಕ್ಟರಿಕೆ ತಪ್ಪಿದವರು ಎರಡನೆಯದಕ್ಕೆ ಹೋಗುವುದು ರೂಢಿ. ರಸಾಯನಶಾಸ್ತ್ರವನ್ನು ಯಾರೂ ಆರಿಸಿಕೊಳ್ಳುತ್ತಿರಲಿಲ್ಲ, ಅದು ತಾನಾಗಿ ಬರುತ್ತಿತ್ತು. ನನಗೂ ಹಾಗೆಯೇ ಬಂತು. ಆದರೆ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗಿ ಕಿಟಕಿಯೊಳಗಿನ ಗುಮಾಸ್ತರಿಗೆ, ಬರೇ ಕೆಮಿಸ್ಟ್ರಿ ಸಿಗುತ್ತದೆಯೇ, ಮೂರೂ ಕೆಮಿಸ್ಟ್ರಿಯೇ ಬೇಕು ಎಂದು ಕೇಳಿದಳು. ಅವರು ಕನ್ನಡಕದ ಮೇಲಿಂದ ಅವಳನ್ನೊಮ್ಮೆ ನೋಡಿ ಅಂದರು: "ಬರೇ ಉಪ್ಪು ತಿಂತಿ ಏನವಾ? ಜೋಡಿಗಿ ರೊಟ್ಟಿ ಬ್ಯಾಡೇನು?"

ಅವಳೇ ಮಹಾನಂದಾ. ಊರಂಚಿನ ಶರಣಸಿರಸಗಿಯ ಒಕ್ಕಲುತನದ ಮನೆಯವಳು. ಹಾಜರಿಪಟ್ಟಿಯಲ್ಲಿ ನಮ್ಮಿಬ್ಬರ ಹೆಸರು ಒಂದರ ಹಿಂದೊಂದು ಬಂದದ್ದರಿಂದ ಲ್ಯಾಬಿನ ಒಂದೇ ಕಲ್ಲುಮೇಜಿಗೆ ಎದುರುಬದುರು ನಿಂತೆವು. ಅವಳು ನನ್ನನ್ನು ಹೆಸರು ಹಿಡಿದು ಕರೆದವಳಲ್ಲ. ಮೊದಲ ದಿನದಿಂದಲೂ ಕುಲಕರ್ಣಿ. ಮೂರು ದಿನ ಪಾಠ, ಮೂರು ದಿನ ಪಾಠದ ಜೊತೆಗೆ ಪ್ರಾಯೋಗಿಕ. ಒಬ್ಬ ಮಾಸ್ತರರು ಧಾತುಗಳ ಕೋಷ್ಟಕವನ್ನು ಊರಿನ ಓಣಿಗಳಂತೆ ಪರಿಚಯಿಸಿದರೆ, ಇನ್ನೊಬ್ಬರು ಇಂಗಾಲದ ಸರಪಳಿಯನ್ನು ಫಲಕದ ಈ ತುದಿಯಿಂದ ಆ ತುದಿಗೆ ಎಳೆಯುವರು. ನಾನು ಪಾಠದಲ್ಲಿ ಗಟ್ಟಿ. ಬಾಯಿಪಾಠ ನಮ್ಮ ಮನೆತನದ ಆಸ್ತಿ. ಮಹಾನಂದಾ ಕೈಯಲ್ಲಿ ಗಟ್ಟಿ, ಅದಕ್ಕಿಂತ ಹೆಚ್ಚಾಗಿ ಮೂಗಿನಲ್ಲಿ. ಪರೀಕ್ಷೆಗೆ ಕೊಡುವ ಗೊತ್ತಿಲ್ಲದ ಲವಣದ ಪೊಟ್ಟಣ ಬಿಚ್ಚಿದ ಕೂಡಲೆ ನಾವೆಲ್ಲ ಹಿರಿಯರಿಂದ ಇಳಿದುಬಂದ ಪಟ್ಟಿಯನ್ನು ನೆನೆದು, ಬಣ್ಣ ನೋಡಿ ಉತ್ತರ ಊಹಿಸಿ, ಆ ಉತ್ತರಕ್ಕೆ ತಕ್ಕ ಪ್ರಯೋಗವನ್ನು ಆಮೇಲೆ ಜರ್ನಲ್ಲಿನಲ್ಲಿ ಬರೆಯುತ್ತಿದ್ದೆವು. ಅವಳು ಮಾತ್ರ ಅಂಗೈಯಿಂದ ಗಾಳಿ ಬೀಸಿ, ಕಣ್ಣು ಮುಚ್ಚಿ, ಒಂದೊಂದೇ ಹೆಜ್ಜೆ ಇಟ್ಟು ಉತ್ತರದ ಬಳಿಗೆ ನಡೆದುಹೋಗುವಳು. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ಕೆಮಿಸ್ಟ್ ಆಗುವುದು ಅವಳ ಕನಸು. ನಮ್ಮ ನೆಲದ ಕಲ್ಲು ಅರೆದು ಯಾರೋ ಏನೋ ಮಾಡುತ್ತಾರಲ್ಲ, ಅದರಲ್ಲಿ ಏನೇನಿದೆ ಎಂದು ನಾನೇ ಹೇಳಬೇಕು ಎನ್ನುತ್ತಿದ್ದಳು.

ಎರಡನೆಯ ವರ್ಷ. ಎಳ್ಳಮಾವಾಸ್ಯೆ ಆ ವರ್ಷ ರವಿವಾರ ಬಂದಿತ್ತು. ಹೊಲದ ಪೂಜೆ, ಹೊಲದಲ್ಲೇ ಊಟ, ಮನೆ ತುಂಬ ನೆಂಟರು. ಆದ್ದರಿಂದ ಮಹಾನಂದಾ ಶನಿವಾರ ಕಾಲೇಜಿಗೆ ಬಂದಿರಲಿಲ್ಲ. ಶನಿವಾರದ ಕೊನೆಯ ಅವಧಿಯಲ್ಲಿ ಮುಂದಿನ ವಾರದ ಸೀಸೆಗಳನ್ನು ತುಂಬಿಡುವ ಕೆಲಸವನ್ನು ಮಾಸ್ತರರು ನನಗೆ ವಹಿಸಿದ್ದರು. ಅಂಕ ಹೆಚ್ಚು ಬರುವವರಿಗೆ ಸಿಗುವ ಗೌರವವದು. ಗಂಧಕಾಮ್ಲ ನಮ್ಮಲ್ಲಿ ಎರಡು ಬಗೆಯ ಸೀಸೆಗಳಲ್ಲಿ ಇರುತ್ತಿತ್ತು. ನೀರು ಬೆರೆಸಿದ ತೆಳು ಆಮ್ಲ ಒಂದು, ನೀರು ಸೋಕದ ಗಟ್ಟಿ ಆಮ್ಲ ಇನ್ನೊಂದು. ಹೆಸರುಗಳು ಗಾಜಿನಲ್ಲಿಯೇ ಉಬ್ಬಿಕೊಂಡಿದ್ದವು. ಗಟ್ಟಿ ಆಮ್ಲದ ಸೀಸೆಯ ಬಿರಡೆ ಕಚ್ಚಿಕೊಂಡಿತ್ತು. ಮೆಲ್ಲಗೆ ತಟ್ಟಿದೆ, ಬಿರಡೆ ಬಂತು, ಅದರ ಜೊತೆಗೆ ಸೀಸೆಯ ಬಾಯಿಯ ಒಂದು ಚೂರೂ ಬಂತು. ಒಡಕು ಸೀಸೆಯಲ್ಲಿ ಅಂಥದ್ದನ್ನು ಬಿಡುವುದು ಹೇಗೆ? ತೆಳು ಆಮ್ಲದ ಸೀಸೆಯೊಂದು ಬರಿದಾಗಿ, ತೊಳೆದು ಒಣಗಿ ಪಕ್ಕದಲ್ಲೇ ಕೂತಿತ್ತು. ಗಟ್ಟಿ ಆಮ್ಲವನ್ನು ಅದಕ್ಕೆ ಬಗ್ಗಿಸಿದೆ.

ಲ್ಯಾಬಿನ ಜವಾನರು, ನಾವೆಲ್ಲ ಕಾಕಾ ಎನ್ನುತ್ತಿದ್ದ ವಯಸ್ಸಾದ ಮನುಷ್ಯ, ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಯಾವುದರಿಂದ ಯಾವುದಕ್ಕೆ ಎಂಬುದು ಅವರಿಗೆ ತಿಳಿದಿರಲಾರದು. ಸೀಸೆ ಬದಲಾಯಿತು ಎಂಬುದಷ್ಟೇ ತಿಳಿಯಿತು. "ಚೀಟಿ ಹಚ್ಚಬೇಕು ಬೇಟಿ," ಅಂದರು. "ಆಫೀಸಿನಾಗ ಗೋಂದ್ ಅದ, ತರ್ತೀನಿ. ಜರಾ ಠೈರೋ."

ಅವರು ಮೆಟ್ಟಿಲಿಳಿದು ಹೋದ ಸದ್ದು ನನಗೆ ಇನ್ನೂ ಕೇಳುತ್ತದೆ. ನಾನು ನಿಲ್ಲಲಿಲ್ಲ. ಕಮಲಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ಸಿಗಬೇಕಾದರೆ ಹತ್ತು ನಿಮಿಷ ಮೊದಲು ನಿಲ್ದಾಣದಲ್ಲಿರಬೇಕು. ಅಷ್ಟೇ ನನ್ನ ಕಾರಣ, ಅದಕ್ಕಿಂತ ದೊಡ್ಡದೊಂದು ಕಾರಣ ಹುಡುಕಿ ಸೋತಿದ್ದೇನೆ. ಜರ್ನಲ್ಲುಗಳ ಕಟ್ಟಿಗೆ ಸುತ್ತಿದ್ದ ಕೆಂಪು ದಾರವನ್ನು ಬಿಚ್ಚಿ ಸೀಸೆಯ ಕತ್ತಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದೆ. ಚೀಲ ಹೆಗಲಿಗೇರಿಸುತ್ತಿದ್ದ ಗೆಳತಿಯರಿಗೆ, ಕೆಂಪು ದಾರದ ಸೀಸೆಯಲ್ಲಿ ಗಟ್ಟಿ ಆಮ್ಲವಿದೆ, ಮುಟ್ಟಬೇಡಿ ಎಂದು ಎರಡು ಸಲ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಇದ್ದವರೆಲ್ಲ ಕೇಳಿದರು. ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಅಲ್ಲಿಗೆ ಕೆಲಸ ಮುಗಿದಿತ್ತು.

ಸೋಮವಾರ ಮಹಾನಂದಾ ಬಂದಳು, ಕೈಯಲ್ಲಿ ಎರಡು ಡಬ್ಬಿ ಹಿಡಿದು. ಹಬ್ಬದ ಸಜ್ಜಿ ಕಡುಬು, ಹತ್ತೆಂಟು ಕಾಯಿಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ. ಒಂದು ಡಬ್ಬಿಯ ಮುಚ್ಚಳದ ಮೇಲೆ ಪಟ್ಟಿಪುಸ್ತಕದ ಕಾಗದದ ಚೂರು ಅಂಟಿಸಿ, ದುಂಡನೆಯ ಅಕ್ಷರದಲ್ಲಿ 'ಕುಲಕರ್ಣಿ, ಉಳ್ಳಾಗಡ್ಡಿ ಇಲ್ಲ' ಎಂದು ಬರೆದಿದ್ದಳು. ನಾನು ಉಳ್ಳಾಗಡ್ಡಿ ತಿನ್ನುವುದಿಲ್ಲವೆಂದು ನನಗಾಗಿ ಒಲೆಯ ಮೇಲೆ ಇನ್ನೊಂದು ಪಾತ್ರೆ ಇಡಿಸಿದ್ದಳು. "ತಿನ್ನಲೇ, ನಿಮ್ಮ ದೇವರು ಸಿಟ್ಟಾಗಂಗಿಲ್ಲ," ಅಂದಳು. ಲ್ಯಾಬಿನ ಹೊರಗಿನ ಕಟ್ಟೆಯ ಮೇಲೆ ಕೂತು ತಿಂದೆವು, ಹೊಲದಲ್ಲಿ ಅವಳ ಸೋದರತ್ತೆ ಜಾರಿ ಬಿದ್ದ ಕಥೆ ಕೇಳಿ ನಕ್ಕೆವು, ಗಂಟೆ ಹೊಡೆಯಿತು, ಕೈ ತೊಳೆದು ಒಳಗೆ ಹೋದೆವು. ಅವಳಿಗೆ ಹೇಳಬೇಕಾಗಿದ್ದ ಒಂದು ವಾಕ್ಯಕ್ಕೆ ಆ ಕಟ್ಟೆಯ ಮೇಲೆ ಬೇಕಾದಷ್ಟು ಹೊತ್ತಿತ್ತು. ಅದು ನೆನಪಿಗೇ ಬರಲಿಲ್ಲ.

ಅಂದಿನ ಪ್ರಯೋಗ ಬಹಳ ಚೆಲುವಾದದ್ದು. ಫ್ಲಾಸ್ಕಿನಲ್ಲಿ ಆಕ್ಸಾಲಿಕ್ ಆಮ್ಲದ ಬಣ್ಣವಿಲ್ಲದ ದ್ರಾವಣ, ಅದಕ್ಕೆ ಒಂದು ಪ್ರನಾಳದಷ್ಟು ತೆಳು ಗಂಧಕಾಮ್ಲ, ಕೈ ತಾಳುವಷ್ಟು ಬಿಸಿ. ಆಮೇಲೆ ಮೇಲಿನ ಬ್ಯುರೆಟ್ಟಿನಿಂದ ನೇರಳೆ ಪರ್ಮ್ಯಾಂಗನೇಟ್ ಹನಿಹನಿಯಾಗಿ ಬಿದ್ದು, ಬಿದ್ದಬಿದ್ದಂತೆ ಬಣ್ಣ ಕಳೆದುಕೊಳ್ಳುತ್ತ, ಯಾವುದೋ ಒಂದು ಹನಿಗೆ ಮಾತ್ರ ಇಡೀ ದ್ರಾವಣ ನಸುಗೆಂಪಾಗಿ ನಿಂತುಬಿಡುತ್ತದೆ. ಪುಸ್ತಕದಲ್ಲಿ ಮೊದಲು ಆಮ್ಲ, ಆಮೇಲೆ ಬೆಂಕಿ. ನಮ್ಮಲ್ಲಿ ಬರ್ನರುಗಳು ಕಡಿಮೆ, ಸೀಸೆಗಳಿಗೂ ಸರದಿ. ಸಿಕ್ಕದ್ದನ್ನು ಮೊದಲು ಮಾಡಿಬಿಡುವುದು ರೂಢಿಯಾಗಿತ್ತು. ತೆಳು ಆಮ್ಲವಾದರೆ ಅದರಿಂದ ಏನೂ ಆಗುವುದಿಲ್ಲ. ಮಹಾನಂದಾ ದ್ರಾವಣವನ್ನು ಬಿಸಿ ಮಾಡಿ ಇಳಿಸಿ, ಹಲಗೆಯಿಂದ ಒಂದು ಸೀಸೆಯನ್ನು ತೆಗೆದುಕೊಂಡು ಪ್ರನಾಳಕ್ಕೆ ಬಗ್ಗಿಸಿದಳು.

ಇಲ್ಲಿಂದ ಮುಂದಿನ ಐದಾರು ಕ್ಷಣಗಳನ್ನು ನಾನು ಎಷ್ಟು ಸಾವಿರ ಸಲ ನೋಡಿದ್ದೇನೋ. ಸೀಸೆಯಿಂದ ಬಿದ್ದದ್ದು ನೀರಿನಂತೆ ಬೀಳಲಿಲ್ಲ. ಸದ್ದಿಲ್ಲದೆ, ದಪ್ಪ ಎಳೆಯಾಗಿ, ಕುಸುಬಿ ಎಣ್ಣೆ ಇಳಿದಂತೆ ಇಳಿಯಿತು. ಎದುರಿಗೆ ನಿಂತಿದ್ದ ನನ್ನ ಕಣ್ಣು ಅದನ್ನು ಕಂಡಿತು. ಕಂಡು, ಸೀಸೆಯ ಕತ್ತಿನ ಕಡೆಗೆ ಹೋಯಿತು. ದಾರ ಇರಲಿಲ್ಲ. ದಾರವಿಲ್ಲವೆಂದ ಮೇಲೆ ಅದು ಗಟ್ಟಿ ಆಮ್ಲವಲ್ಲ ಎಂದಿತು ಮನಸ್ಸು. ಕಣ್ಣು ಎಣ್ಣೆಯನ್ನು ನೋಡುತ್ತಲೇ ಇತ್ತು. ಮನಸ್ಸು ದಾರವನ್ನು ಹುಡುಕುತ್ತಲೇ ಇತ್ತು. ಪ್ರನಾಳ ತುಂಬಿತು. ಅವಳು ಸೀಸೆಯನ್ನು ಮೇಜಿನ ಅಂಚಿಗಿಟ್ಟು, ಫ್ಲಾಸ್ಕಿನ ಮೇಲೆ ಬಾಗಿ, ಪ್ರನಾಳವನ್ನು ಬೋರಲು ಹಾಕಿದಳು. ಕೂಗಲು ನನಗೆ ಸಮಯವಿರಲಿಲ್ಲವೆಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ಸಮಯವಿತ್ತು.

ಬಿಸಿನೀರಿಗೆ ಬಿದ್ದ ಆ ಆಮ್ಲ ಫ್ಲಾಸ್ಕಿನೊಳಗೆ ಒಮ್ಮೆಲೇ ಕುದಿದು ಮೇಲಕ್ಕೆ ಚಿಮ್ಮಿತು. ಅವಳ ಕೂಗಿಗಿಂತ ಮೊದಲು ನನಗೆ ಕೇಳಿಸಿದ್ದು ಸೀಸೆ ನೆಲಕ್ಕೆ ಬಿದ್ದು ಒಡೆದ ಸದ್ದು. ಆಮೇಲಿನದೆಲ್ಲ ಕೈಗಳ ನೆನಪು. ಅವಳ ತಲೆಯನ್ನು ನಳದ ಕೆಳಗೆ ಹಿಡಿದವಳು ನಾನು. ಬಿಡಿಸಿಕೊಳ್ಳಲು ಹೋರಾಡಿದರೂ ಬಿಡದೆ, ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ, ಆಟೋ ಬರುವವರೆಗೂ ನೀರು ಬಿಟ್ಟವಳು ನಾನು. ಯಾರೋ ನೆಲಕ್ಕೆ ಬಕೆಟ್ಟಿನಿಂದ ನೀರು ಸುರಿದರು. ನಮ್ಮ ಕಡೆಯ ಲ್ಯಾಬುಗಳಿಗೆ ಶಹಾಬಾದಿನ ಫರಸಿಯೇ ನೆಲ. ಆಮ್ಲ ಬಿದ್ದರೆ ಸುಣ್ಣದ ಆ ಕಲ್ಲು ನೊರೆಯೇಳುತ್ತದೆ. ಒಡೆದ ಗಾಜಿನ ಸುತ್ತ ಬಿಳಿ ನೊರೆ ಎದ್ದು, ಸುಯ್ಯೆಂದು, ಎಲ್ಲ ತೊಳೆದುಹೋಯಿತು. ಗಟ್ಟಿಯೋ ತೆಳುವೋ ಎಂದು ಹೇಳಬಲ್ಲದ್ದು ಏನೂ ಉಳಿಯಲಿಲ್ಲ. ಉಳಿದ ಗಾಜಿನ ಚೂರಿನ ಮೇಲೆ 'ತೆಳು' ಎಂಬ ಅರ್ಥದ ಇಂಗ್ಲಿಷ್ ಅಕ್ಷರಗಳಿದ್ದವು.

ಮರುದಿನ ಲ್ಯಾಬು ಖಾಲಿಯಿದ್ದಾಗ ನಾನೊಬ್ಬಳೇ ಹೋಗಿ ಆ ಹಲಗೆಯನ್ನು ನೋಡಿದೆ. ಸೀಸೆ ಕೂತಿದ್ದ ಜಾಗದಲ್ಲಿ ಸುಟ್ಟ ಬತ್ತಿಯಂಥ ಕಪ್ಪು ಉಂಗುರ ಬಿದ್ದಿತ್ತು. ಶನಿವಾರ ಬಗ್ಗಿಸುವಾಗ ಸೀಸೆಯ ಕತ್ತಿನಲ್ಲಿ ಇಳಿದ ಒಂದು ತೊಟ್ಟು ಸಾಕಾಗಿತ್ತು. ಎರಡು ಹಗಲು ಎರಡು ರಾತ್ರಿ ಅದು ಕೂತಲ್ಲೇ ಕೂತು ದಾರವನ್ನು ತಿಂದಿತ್ತು. ಗಂಧಕಾಮ್ಲ ಸಕ್ಕರೆಯಿಂದ, ಹತ್ತಿಯಿಂದ, ಕಾಗದದಿಂದ ನೀರನ್ನು ಹೀರಿ ಇದ್ದಿಲನ್ನು ಉಳಿಸುತ್ತದೆ ಎಂಬುದು ನಮ್ಮ ಮೊದಲ ವರ್ಷದ ಪಾಠ. ಆ ಪ್ರಶ್ನೆಗೆ ನನಗೆ ಪೂರ್ಣ ಅಂಕ ಬಂದಿದ್ದವು. ಬೆರಳಿನಿಂದ ಮುಟ್ಟಿದೆ, ಪುಡಿಯಾಯಿತು. ಅದರ ಪಕ್ಕದಲ್ಲಿಯೇ, ಯಾರೂ ಮುಟ್ಟದೆ, ಆಫೀಸಿನ ಗೋಂದಿನ ಪುಟ್ಟ ಬಾಟಲಿ ಇತ್ತು. ಕಾಕಾ ಶನಿವಾರ ತಂದಿಟ್ಟು, ನಾನಿಲ್ಲದ್ದು ಕಂಡು, ಮಗಳ ಮನೆಯ ಕಾರ್ಯಕ್ಕೆಂದು ವಾರದ ರಜೆಯ ಮೇಲೆ ಹೋಗಿದ್ದರು.

ಎದುರಿಗಿದ್ದವಳೆಂದು ಪ್ರಾಚಾರ್ಯರ ಕೋಣೆಯಲ್ಲಿ ನನಗೆ ಒಂದು ಹಾಳೆ ಕೊಟ್ಟರು, ಕಂಡದ್ದನ್ನು ಬರೆ ಎಂದರು. ದ್ರಾವಣ ಬಿಸಿಯಾಗಿತ್ತು, ಮೊದಲು ಬಿಸಿ ಮಾಡಿ ಆಮೇಲೆ ಆಮ್ಲ ಹಾಕಲಾಯಿತು, ಕಣ್ಣಿಗೆ ಕನ್ನಡಕವಿರಲಿಲ್ಲ, ಫ್ಲಾಸ್ಕಿನ ಮೇಲೆ ಬಾಗಿದ್ದಳು. ಒಂದಕ್ಷರ ಸುಳ್ಳಿಲ್ಲ. ಎಲ್ಲರೂ ಅದನ್ನೇ ಬರೆದರು. ದಾರದ ಮಾತು ಕೇಳಿದ್ದ ಗೆಳತಿಯರು, ಒಡೆದದ್ದು ತೆಳು ಆಮ್ಲದ ಸೀಸೆ, ಚೂರಿನ ಮೇಲೆ ಹಾಗೇ ಇದೆ ಎಂದು ನಂಬಿದರು. ನಂಬಲಿ ಎಂದು ನಾನೂ ಸುಮ್ಮನಿದ್ದೆ. ಮಹಾನಂದಾಳದು ಅವಸರದ ಕೈ ಎಂದು ತೀರ್ಪಾಯಿತು. ಆಸ್ಪತ್ರೆಯ ಓಣಿಯಲ್ಲಿ ಅವಳ ಅಪ್ಪ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು, "ನೀ ಇದ್ದಿ ಅಂತ ಒಂದ್ ಕಣ್ಣರ ಉಳೀತವ್ವಾ," ಅಂದರು. ಆ ಮಾತು ಕೇಳಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಹೇಳದಿರುವುದು ದಿನದಿಂದ ದಿನಕ್ಕೆ ಸುಲಭವಾಯಿತು.

ಎಡಗಣ್ಣಿನ ಮುಂದೆ ಮಂಜು ಉಳಿಯಿತು. ಕೆನ್ನೆಯಿಂದ ಕುತ್ತಿಗೆಯವರೆಗೆ ಒಂದು ಗೆರೆ ಉಳಿಯಿತು. ಹೊಗೆ, ಆವಿಗಳ ಹತ್ತಿರ ಹೋಗಬಾರದೆಂದರು ಡಾಕ್ಟರು. ಬರೇ ಕೆಮಿಸ್ಟ್ರಿ ಬೇಕೆಂದಿದ್ದವಳು ರಸಾಯನಶಾಸ್ತ್ರವನ್ನು ಹೊಡೆದುಹಾಕಿ ಬಿ.ಎ.ಯ ಅರ್ಜಿ ತುಂಬಿದಳಂತೆ. ಮನೆಯಲ್ಲೇ ಕೂತು ಓದಿ ಮುಗಿಸಿದಳಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನಾನು ಹೋಗಲಿಲ್ಲ. ಉಳಿದ ಮೂರು ಸೆಮಿಸ್ಟರುಗಳನ್ನು ಆ ಮೇಜಿಗೆ ಒಬ್ಬಳೇ ನಿಂತು ಮುಗಿಸಿದೆ. ಎದುರಿಗಿನ ಸ್ಟೂಲು ಅಲ್ಲಿಯೇ ಇತ್ತು. ಅದರ ಕೆಳಗೆ ಫರಸಿಯ ಮೇಲೆ ಅಂಗೈಯಗಲದ ಒರಟು ಬಿಳಿ ಕಲೆ ಇತ್ತು, ಎಷ್ಟು ತಿಕ್ಕಿದರೂ ಹೋಗದ್ದು. ಡಿಸ್ಟಿಂಕ್ಷನ್ ಬಂತು. ಜೇವರ್ಗಿ ಕಾಲೋನಿಯ ಟ್ಯೂಶನ್ನೊಂದರಲ್ಲಿ ಪಿಯುಸಿಯವರಿಗೆ ಕೆಮಿಸ್ಟ್ರಿ ಹೇಳುವ ಕೆಲಸ ಸಿಕ್ಕಿತು. ಒಂಟಿತನವೆಂದರೆ ಜೊತೆಗೆ ಜನರಿಲ್ಲದ್ದು ಎಂದು ನಾನು ತಿಳಿದಿದ್ದೆ. ಅಲ್ಲ, ಗೆಳೆಯರೇ. ತುಂಬಿದ ಬಸ್ಸಿನಲ್ಲಿ, ಕಮಲಾಪುರದ ಕೆಂಪು ಬಾಳೆಯ ಗೊನೆಗಳ ನಡುವೆ ಮೊಣಕಾಲು ಮಡಿಚಿ ಕೂತಾಗಲೂ, ಸುತ್ತಲಿನ ಯಾರಿಗೂ ತಿಳಿಯದ ಒಂದು ಸಂಗತಿ ನಿಮಗೊಬ್ಬರಿಗೇ ತಿಳಿದಿದ್ದರೆ, ನೀವು ಒಂಟಿಯೇ.

ಕಳೆದ ಬೇಸಿಗೆ, ಪ್ರವೇಶದ ದಿನಗಳು. ತರಗತಿ ಬಿಟ್ಟ ಮೇಲೆ ಫಲಕ ಒರೆಸುತ್ತಿದ್ದೆ. ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಮುಂದೆ ಪಿಯುಸಿ ಮುಗಿಸಿದ ಹುಡುಗಿ, ಹಿಂದೆ ಎಡಗಡೆ ಸೆರಗನ್ನು ಮುಂದೆಳೆದುಕೊಂಡ ಮಹಾನಂದಾ. ನಾಲ್ಕು ವರ್ಷಗಳ ನಂತರ. ಬೆಂಚಿನ ಮೇಲೆ, ಎಡಗೆನ್ನೆ ಗೋಡೆಗೆ ಬರುವಂತೆ ಕೂತು, ಹ್ಯಾಂಗಿದ್ದೀರಿ ಎಂದು ಬಹುವಚನದಲ್ಲಿ ಕೇಳಿದಳು. ತಂಗಿ ಭಾಗ್ಯಶ್ರೀ ಕೆಮಿಸ್ಟ್ರಿ ತಗೋಬೇಕೆಂದು ಹಟ ಹಿಡಿದಿದ್ದಾಳೆ, ಫಾರ್ಮು ತುಂಬಲು ಎರಡು ದಿನ ಉಳಿದಿದೆ, ಅಪ್ಪ ಸಹಿ ಮಾಡಲೊಲ್ಲರು ಎಂದಳು. ಯಾಕೆ ಎಂದು ನಾನು ಕೇಳುವ ಮೊದಲೇ ಹುಡುಗಿ ಹೇಳಿದಳು: "ಮನ್ಯಾಗ ಅಕ್ಕನ ಕೈಯಾಗ ಬಿಸಿ ಹಾಲಿನ ಬೋಗಾಣಿನೂ ಕೊಡಂಗಿಲ್ರಿ, ಮೇಡಂ. ಚಾ ಸೈತ ಬ್ಯಾರೆಯವರು ತರ್ತಾರ."

ಮಹಾನಂದಾ ಅವಳನ್ನು ಗದರಿಸಲಿಲ್ಲ. ತನ್ನ ಅಂಗೈಗಳನ್ನು ನೋಡಿಕೊಂಡಳು. "ಅಕ್ಕನ ಕೈ ಹಂಗಿದ್ದ ಮ್ಯಾಲ ತಂಗಿದೇನು ಬ್ಯಾರೆ ಇರ್ತದ ಅಂತಾರ್ರೀ ಅಪ್ಪ. ಅವತ್ತ ನೀವು ಎದುರಿಗೇ ಇದ್ರಿ. ಖರೇ ಹೇಳ್ರಿ, ನನ್ನ ಕೈದೇ ತಪ್ಪೇನು?"

ನಾನು ಹೇಳಿದೆ. ಒಡೆದ ಬಾಯಿಯ ಸೀಸೆ, ಬಸ್ಸು, ದಾರ, ಕಟ್ಟೆಯ ಮೇಲೆ ಮರೆತ ವಾಕ್ಯ, ಎಣ್ಣೆಯಂತೆ ಇಳಿದದ್ದನ್ನು ಕಂಡೂ ಸುಮ್ಮನಿದ್ದದ್ದು, ಮರುದಿನದ ಕಪ್ಪು ಉಂಗುರ, ಪ್ರಾಚಾರ್ಯರ ಕೋಣೆಯ ಹಾಳೆ. ಎಲ್ಲವನ್ನೂ, ಯಾವುದನ್ನೂ ಮೆತ್ತಗೆ ಮಾಡದೆ ಹೇಳಿದೆ. ಎಷ್ಟೋ ರಾತ್ರಿ ಒಳಗೊಳಗೇ ಹೇಳಿಕೊಂಡಿದ್ದರಿಂದ ಬಾಯಿಪಾಠ ಒಪ್ಪಿಸಿದಂತೆಯೇ ಬಂತು. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ದಾರ ಹತ್ತೀದೇನು?"

ಹೌದೆಂದೆ.

"ಕಾನ್ಸ್ ಸಲ್ಫ್ಯೂರಿಕ್‌ಗೆ ಹತ್ತಿ ದಾರ ಕಟ್ಟಿದಿ." ಅವಳ ಬಾಯಿಯ ಬಲತುದಿ ನಗುವಿನ ಕಡೆಗೆ ಹೋಗಿ, ಅಲ್ಲಿಯೇ ನಿಂತಿತು. "ಡಿಸ್ಟಿಂಕ್ಷನ್ ಹ್ಯಾಂಗ ಬಂತಲೇ ನಿನಗ, ಕುಲಕರ್ಣಿ?"

ಆ ಹೆಸರು ಕೇಳಿ ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ನಾಲ್ಕು ವರ್ಷ ತಾನು ತನ್ನ ಕೈ ನೋಡಿಕೊಳ್ಳುತ್ತ ಕೂತಿದ್ದಾಗಿ ಮಾತ್ರ ಹೇಳಿ, ಎದ್ದು ತಂಗಿಯ ಭುಜ ಹಿಡಿದಳು. ಬಾಗಿಲಲ್ಲಿ ತಿರುಗಿ ಅಂದಳು: "ನನಗ ಹೇಳಿದ್ದು ಸಾಕಾಗಂಗಿಲ್ಲ. ನಮ್ಮಪ್ಪಗ ಹೇಳಬೇಕು. ನಾಳಿ ಐತವಾರ, ಬಾ."

ಶರಣಸಿರಸಗಿಯ ದಾರಿಯಲ್ಲಿ ಹೊಲಗಳ ನಡುವೆ ಹೊಸ ಲೇಔಟುಗಳ ಕಲ್ಲುಗಳನ್ನು ನೆಟ್ಟಿದ್ದರು, ಒಂದೊಂದರ ಮೇಲೂ ಬಿಳಿಬಣ್ಣದಲ್ಲಿ ಒಂದೊಂದು ಸಂಖ್ಯೆ. ಆಟೋದಲ್ಲಿ ಕೂತು ಅವನ್ನು ಓದುತ್ತ ಹೋದೆ. ಬೇರೆ ಏನನ್ನೂ ವಿಚಾರ ಮಾಡುವ ಧೈರ್ಯವಿರಲಿಲ್ಲ. ಅವಳ ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತು, ಬಾರವ್ವಾ ಎಂದು ಕೈಮುಗಿದರು; ಆ ಕೈಮುಗಿತವನ್ನು ಹೇಗೆ ದಾಟಿದೆನೋ ತಿಳಿಯದು. ನಿಂತುಕೊಂಡೇ ಹೇಳಿದೆ. ಈ ಸಲ ಬಾಯಿಪಾಠ ಕೈಕೊಟ್ಟಿತು. ಹಿಂದಿನದು ಮುಂದಾಗಿ, ಮುಂದಿನದು ಹಿಂದಾಗಿ ತೊದಲಿದೆ. ಮುಗಿದ ಮೇಲೆ ಅವರು ನನ್ನ ಮುಖ ನೋಡದೆ ಕೇಳಿದರು.

"ಆಕಿ ತಲಿ ನಳದ ಕೆಳಗ ಹಿಡದಾಕಿ ನೀನೇ ಅಲ್ಲೇನವಾ?"

"ಹೌದ್ರೀ."

"ಸೀಸೆ ತುಂಬಿದಾಕೀನೂ ನೀನೇ."

"ಹೌದ್ರೀ."

ಅಂಗಳದಲ್ಲಿ ಎಮ್ಮೆಯೊಂದು ಕಿವಿ ಬಡಿದುಕೊಂಡಿತು. ಬೈಯುತ್ತಾರೆ, ಹೊರಗೆ ಹೋಗು ಎನ್ನುತ್ತಾರೆ ಎಂದು ಕಾದೆ. ಹಾಗಾಗಿದ್ದರೆ ನನಗೆ ಹಗುರವಾಗುತ್ತಿತ್ತು. ಮನೆಗೆ ಬಂದವರಿಗೆ ಚಹಾ ಕೊಡಬೇಕಲ್ಲ, ಅವಳ ಅವ್ವ ರೂಢಿಯಂತೆ ಎದ್ದು ಅಡುಗೆಮನೆಯ ಕಡೆಗೆ ಹೊರಟರು. ಆಗ ಅಪ್ಪ ತಲೆಯೆತ್ತಿದರು. "ನೀ ಕೂಡು," ಎಂದರು ಹೆಂಡತಿಗೆ. ಆಮೇಲೆ ಮಗಳಿಗೆ, "ಮಹಾನಂದಾ, ಚಾ ನೀ ತಗೊಂಡ್ ಬಾರವ್ವಾ."

ಅವಳು ಕಂಬದ ಹಿಂದೆ ನಿಂತಿದ್ದಳು. ಒಳಗೆ ಹೋದಳು. ಪಡಸಾಲೆಯಲ್ಲಿ ನಾವೆಲ್ಲ ಒಲೆಯ ಸದ್ದು, ಬೋಗಾಣಿಯ ಸದ್ದು, ಚಹಾ ಉಕ್ಕಿ ಇಳಿದ ಸದ್ದು ಕೇಳುತ್ತ ಕೂತೆವು. ಭಾಗ್ಯಶ್ರೀ ಎದ್ದು ಹೋಗಲು ನೋಡಿದಳು, ಅಪ್ಪ ಕೈಸನ್ನೆಯಿಂದ ಕೂಡಿಸಿದರು. ಕಪ್ಪುಗಳನ್ನೂ ಕಿಟ್ಲಿಯನ್ನೂ ತಾಟಿನಲ್ಲಿಟ್ಟುಕೊಂಡು ಮಹಾನಂದಾ ಹೊಸ್ತಿಲು ದಾಟಿ ಬಂದಳು. ಒಂದು ಕಣ್ಣಿಗೆ ದೂರ ಹತ್ತಿರದ ಅಂದಾಜು ಸಾಲದೆಂದು, ಎಡಗೈ ಬೆರಳನ್ನು ಕಪ್ಪಿನ ಅಂಚಿಗೆ ತಾಗಿಸಿ, ಬಲಗೈಯಿಂದ ಕಿಟ್ಲಿ ಬಗ್ಗಿಸಿದಳು. ಚಹಾ ಸದ್ದು ಮಾಡುತ್ತ ಬಿತ್ತು, ಆವಿಯೆದ್ದಿತು, ನೊರೆ ಅಂಚಿನವರೆಗೆ ಬಂದು ನಿಂತಿತು. ಒಂದು ಹನಿಯೂ ತಾಟಿಗೆ ಬೀಳಲಿಲ್ಲ. ನನ್ನದು ಕೊನೆಯ ಕಪ್ಪು. ಕೊಡುವಾಗ, ನಾನು ಸರಿಯಾಗಿ ಹಿಡಿಯುವವರೆಗೆ ಅವಳು ಕಪ್ಪನ್ನು ಬಿಡಲಿಲ್ಲ.

"ಬಿಸಿ ಅದ," ಅಂದಳು. "ನೋಡ್ಕೊಂಡ್ ಕುಡಿ."

ಅಷ್ಟೇ. ಅದು ಕ್ಷಮೆಯೆಂದು ನಾನು ಹೇಳುವುದಿಲ್ಲ. ಅವಳು ಆಮೇಲೆ ನನಗೆ ಫೋನು ಮಾಡಿಲ್ಲ, ನಾನು ಮಾಡಿದರೆ ಎತ್ತುವುದೂ ಇಲ್ಲ. ಹಳೆಯ ಹಾಳೆಗೆ ಸೇರಿಸಬೇಕಾಗಿದ್ದನ್ನು ಬರೆದು ಕಾಲೇಜಿನ ಆಫೀಸಿಗೂ ಕೊಟ್ಟುಬಂದೆ. ಸ್ವೀಕೃತಿಯ ಶಿಕ್ಕಾ ಹೊಡೆದು ತೆಗೆದುಕೊಂಡರು. ಅಪ್ಪ ಸಹಿ ಮಾಡಿದ ಫಾರ್ಮಿನ ಚಿತ್ರವನ್ನು ಭಾಗ್ಯಶ್ರೀ ಕಳಿಸಿದಳು, ಮೂರು ವಿಷಯಗಳಲ್ಲಿ ಮೊದಲು ರಸಾಯನಶಾಸ್ತ್ರ. ಅಕ್ಷರಗಳು ದುಂಡಗಿದ್ದವು, ತಂಗಿಯ ಫಾರ್ಮನ್ನು ತುಂಬಿದ್ದು ಯಾರೆಂದು ನನಗೆ ಗೊತ್ತಾಯಿತು. ಆ ಅಕ್ಷರ ಇನ್ನೊಂದು ಕಡೆ ನನ್ನ ಬಳಿ ಇದೆ. ಹಳೆಯ ಜರ್ನಲ್ಲಿನೊಳಗೆ, ಭಜ್ಜಿಯ ಎಣ್ಣೆ ಹಿಡಿದು ಹಳದಿಯಾದ ಒಂದು ಕಾಗದದ ಚೂರು.

ಮೊನ್ನೆ ಅದನ್ನು ನೋಡುತ್ತ ಕೂತವಳು ಎದ್ದು, ಕಾಗದ ಕತ್ತರಿಸಿ, ಗೋಂದು ತಂದು, ಅಡುಗೆಮನೆಯ ಹಲಗೆಯ ಮೇಲಿನ ಡಬ್ಬಿಗಳಿಗೆಲ್ಲ ಹೆಸರು ಬರೆದು ಅಂಟಿಸಿದೆ. ತೊಗರಿಬೇಳೆ, ಅರಿಶಿನ, ಶೇಂಗಾ ಹಿಂಡಿ, ಸಾಸಿವೆ. ಉಪವಾಸದ ಉಪ್ಪಿನ ಡಬ್ಬಿಯ ಕೆಂಪು ದಾರವನ್ನು ಬಿಚ್ಚಲಿಲ್ಲ. ಅದರ ಕೆಳಗೆ ಚೀಟಿ ಹಚ್ಚಿದೆ. ಅವ್ವ ಬಂದು ಸೊಂಟಕ್ಕೆ ಕೈಯಿಟ್ಟು ಒಂದೊಂದನ್ನೇ ಓದಿದಳು. ನಲವತ್ತು ವರ್ಷ ಅಡುಗೆ ಮಾಡಿದವಳಿಗೆ ಮಗಳು ಸಾಸಿವೆಯ ಪರಿಚಯ ಮಾಡಿಕೊಡುತ್ತಿದ್ದಾಳೆಂದು ಅವಳಿಗೆ ನಗು.

"ಮನ್ಯಾಗ ಇರೋರು ನಾವು ಮೂರು ಮಂದಿ. ಎಲ್ಲಾರಿಗೂ ಗೊತ್ತದ. ಯಾರಿಗಂತ ಬರದೀಯ ಇದನ್ನ?"

"ಶನಿವಾರ ಬಾರದಾಕಿಗೆ," ಅಂದೆ.

ಅವ್ವನಿಗೆ ತಿಳಿಯಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, ಒಲೆಯ ಕಡೆಗೆ ತಿರುಗಿ ರೂಢಿಯಂತೆ ಕೈಯನ್ನು ಹಿಂದಕ್ಕೆ ಚಾಚಿದಳು. ಬೆರಳುಗಳು ಡಬ್ಬಿಗೆ ತಾಗಿದವು, ಇನ್ನೂ ಒಣಗದ ಗೋಂದಿಗೆ ಅಂಟಿಕೊಂಡವು, ಒಂದು ಗಳಿಗೆ ನಿಂತವು. ಅವಳು ತಿರುಗಿ ಚೀಟಿಯನ್ನು ನೋಡಿದಳು.